ಕುಸಿದ ಗೋಪುರವೂ ರುಜುವಾತಿನ ಭಾರವೂ

ಬೀದಿಯಲ್ಲಿ ನಡೆಯುವಾಗ ನಾವು ಕಾಲ ಕೆಳಗಿನ ನೆಲವನ್ನು ನೋಡುತ್ತೇವೆಯೇ ಹೊರತು ತಲೆಯ ಮೇಲಿನ ಸಜ್ಜವನ್ನಲ್ಲ. ಅದರ ಚಿಂತೆಯನ್ನು ಕಟ್ಟಡದ ಒಡೆಯನಿಗೆ ಬಿಟ್ಟಿರುತ್ತೇವೆ. ಆ ನಂಬಿಕೆ ಮುರಿದಾಗ ಕಾನೂನು ಏನೆನ್ನುತ್ತದೆ?

1951ರಲ್ಲಿ ದೆಹಲಿಯ ಚಾಂದನಿ ಚೌಕದಲ್ಲಿ, ಪುರಭವನಕ್ಕೆ ಎದುರಾಗಿದ್ದ ಗಡಿಯಾರ ಗೋಪುರವು ಕುಸಿದು ಹಲವರು ಮಡಿದರು. ಗೋಪುರವು ನಗರಸಭೆಯ ಸ್ವತ್ತು. ಮೃತರ ಮನೆಯವರು ಪರಿಹಾರಕ್ಕಾಗಿ ದಾವೆ ಹೂಡಿದರು. ಅಲಕ್ಷ್ಯವನ್ನು ವಾದಿಯೇ ರುಜುವಾತುಪಡಿಸಬೇಕೆಂಬುದು ಸಾಮಾನ್ಯ ನಿಯಮ. ಆದರೆ ಗಾರೆ ಎಂದು ಸಡಿಲಿತು, ಗೋಡೆಯನ್ನು ಯಾರು ಪರೀಕ್ಷಿಸಿದರು ಎಂಬುದನ್ನು ಆ ಬಡಪಾಯಿಗಳು ಅರಿಯುವ ಬಗೆ ಹೇಗೆ?

1966ರಲ್ಲಿ ಸರ್ವೋಚ್ಚ ನ್ಯಾಯಾಲಯವು ಈ ಭಾರವನ್ನು ಇಳಿಸಿತು. ಗೋಪುರಕ್ಕೆ 80 ವರ್ಷವಾಗಿತ್ತು. ಬಳಸಿದ್ದ ಗಾರೆಯನ್ನು ನೋಡಿದರೆ ಮೇಲಂತಸ್ತಿನ ಸಹಜ ಆಯುಷ್ಯ 40ರಿಂದ 45 ವರ್ಷ ಮಾತ್ರ. ಅದು ಪೂರ್ತಿಯಾಗಿ ನಗರಸಭೆಯ ವಶದಲ್ಲಿದ್ದುದರಿಂದ, ಬಿದ್ದುದೇ ಅಲಕ್ಷ್ಯಕ್ಕೆ ಸಾಕ್ಷಿಯೆನಿಸಿತು. ವಕೀಲರು ಇದನ್ನು ಲ್ಯಾಟಿನ್ನಿನಲ್ಲಿ 'ರೆಸ್ ಇಪ್ಸಾ ಲೋಕ್ವಿಟರ್' ಎನ್ನುತ್ತಾರೆ. ಸಂಗತಿ ತಾನೇ ನುಡಿಯುತ್ತದೆ ಎಂದರ್ಥ. ದೋಷವು ಹೊರಗಣ್ಣಿಗೆ ಕಾಣುತ್ತಿರಲಿಲ್ಲವೆಂಬ ಸಮಜಾಯಿಷಿಯೂ ನಿಲ್ಲಲಿಲ್ಲ. ಸಾರ್ವಜನಿಕ ದಾರಿಗೆ ಅಂಟಿಕೊಂಡ ಕಟ್ಟಡದ ಒಡೆಯನು ಕಾಣದ ದೋಷಕ್ಕೂ ಬಾಧ್ಯನೆಂದು ನ್ಯಾಯಾಲಯ ಹೇಳಿತು.

ನಮ್ಮ ದೃಷ್ಟಿಯಲ್ಲಿ ಪರಿಹಾರದ ಹಣಕ್ಕಿಂತ ಈ ಕೊನೆಯ ಮಾತೇ ಹೆಚ್ಚಿನದು. ಕಾಣದ ದೋಷಕ್ಕೆ ಹೊಣೆಯಿಲ್ಲವೆಂದಿದ್ದರೆ, ನೋಡದೆ ಇರುವುದೇ ಒಡೆಯನಿಗೆ ಜಾಣತನವಾಗುತ್ತಿತ್ತು. ಅಪಘಾತವಾಗುವ ಮೊದಲೇ ಸುತ್ತಿಗೆ ಹಿಡಿದು ಗೋಡೆಯನ್ನು ತಟ್ಟಿ ನೋಡುವ ಕೆಲಸ ಈಗ ಅವನದೇ. ನಮ್ಮ ಹಳೆಯ ಕಾಲೇಜು ಕಟ್ಟಡಗಳ ಸಜ್ಜಗಳನ್ನು ಕೊನೆಯ ಸಲ ಯಾರು, ಯಾವ ದಿನ ಪರೀಕ್ಷಿಸಿದರೆಂದು ಕೇಳಿದರೆ ಎಷ್ಟು ಕಡೆ ದಾಖಲೆ ಸಿಕ್ಕೀತು?