ಮೊದಲ ಬಿಲ್ಲು ಎಷ್ಟು ಪೌಂಡ್ ಇರಬೇಕು? ಸುರಪುರದ ಮಕ್ಕಳ ಪರವಾಗಿ ಒಂದು ಲೆಕ್ಕ

ಸುರಪುರದವರು ಅಂದ ಕೂಡಲೇ ಹೊರಗಿನ ಜನ ಆಡುವ ಮಾತೊಂದಿದೆ. ‘ಬೇಡರ ನಾಡಲ್ವಾ? ನಿಮ್ಮೂರ ಹುಡುಗರಿಗೆ ಬಿಲ್ಲು ಹಿಡಿಯೋದನ್ನ ಯಾರೂ ಕಲಿಸಬೇಕಿಲ್ಲ ಬಿಡಿ, ರಕ್ತದಲ್ಲೇ ಇರುತ್ತೆ.’ ಹೊಗಳಿಕೆ ಅಂದುಕೊಂಡೇ ಹೇಳ್ತಾರೆ. ಆದರೆ ರಕ್ತದಲ್ಲೇ ಇದೆ ಅಂದಮೇಲೆ ಕೋಚ್ ಯಾಕೆ, ಅಳತೆ ಯಾಕೆ, ಬಜೆಟ್ ಯಾಕೆ? ಹೊಗಳಿಕೆಯ ಹೆಸರಲ್ಲಿ ಮಕ್ಕಳಿಗೆ ಸಿಗಬೇಕಾದ್ದನ್ನ ತಪ್ಪಿಸುವ ಮಾತಿದು.

ಇತಿಹಾಸ ನಮಗೂ ಗೊತ್ತು. ನಾಯಕ ಅರಸರ ಸಂಸ್ಥಾನ, ಬ್ರಿಟಿಷರ ವಿರುದ್ಧ ನಿಂತ ರಾಜಾ ವೆಂಕಟಪ್ಪ ನಾಯಕ, 1858ರ ಸೋಲು, 1860ರಲ್ಲಿ ಸುರಪುರವನ್ನು ನಿಜಾಮನ ಕೈಗಿಟ್ಟ ಬ್ರಿಟಿಷರು. ಇದೆಲ್ಲ ನಮ್ಮ ಹೆಮ್ಮೆ ಮತ್ತು ನೋವು ಎರಡೂ ಹೌದು. ಆದರೆ ಮೆರವಣಿಗೆಯ ಟ್ರ್ಯಾಕ್ಟರ್ ಮೇಲೆ ನಿಲ್ಲಿಸುವ ಆಳೆತ್ತರದ ಬಿಲ್ಲು ಬೇರೆ, ಹನ್ನೊಂದು ವರ್ಷದ ಹುಡುಗಿಯ ಕೈಗೆ ಕೊಡಬೇಕಾದ ಬಿಲ್ಲು ಬೇರೆ.

‘ಮಾಮಾ, ನನಗೊಂದು ಬಿಲ್ಲು ಕೊಡಸ್ತೀಯೇನು?’ ಅಂತ ನನ್ನ ಅಕ್ಕನ ಮಗಳು ಕೇಳಿದಾಗಿನಿಂದ ಈ ಲೆಕ್ಕ ಹಾಕುತ್ತಾ ಬಂದಿದ್ದೇನೆ. ಯಾದಗಿರಿ, ಶಹಾಪುರ, ಸುರಪುರದಲ್ಲಿ ಇಂಥ ಮಕ್ಕಳಿರುವ ಮನೆಗಳಿಗೆ, ಶಾಲೆಗಳಿಗೆ ಉಪಯೋಗವಾಗಲಿ ಅಂತ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಕಣ್ಣು ನೋಡಿ

ಬಲಗೈಯಲ್ಲಿ ಬರೆಯುವ ಮಗುವಿಗೆ ಬಲಗೈ ಬಿಲ್ಲೇ ಸರಿ ಅಂತ ಹೇಳಲಾಗದು. ಎರಡು ಕಣ್ಣಲ್ಲಿ ಒಂದು ಹೆಚ್ಚು ಜೋರಾಗಿ ಗುರಿ ಹಿಡಿಯುತ್ತದೆ. ಎರಡೂ ಕೈ ಮುಂದೆ ಚಾಚಿ, ಬೆರಳುಗಳ ನಡುವೆ ಸಣ್ಣ ಕಿಂಡಿ ಬಿಟ್ಟು, ಎರಡೂ ಕಣ್ಣು ತೆರೆದು ದೂರದ ಕಂಬವೊಂದನ್ನು ಅದರೊಳಗಿಂದ ನೋಡಲು ಹೇಳಿ. ಕಂಬ ತಪ್ಪದ ಹಾಗೆ ಕೈಗಳನ್ನು ಮುಖದ ಹತ್ತಿರ ತರಲಿ. ಕಿಂಡಿ ಯಾವ ಕಣ್ಣಿನ ಮುಂದೆ ಬಂದು ನಿಲ್ಲುತ್ತದೋ ಅದೇ ಜೋರಿನ ಕಣ್ಣು. ಬಲಗಣ್ಣಾದರೆ ಎಡಗೈಯಲ್ಲಿ ಬಿಲ್ಲು ಹಿಡಿದು ಬಲಗೈಯಲ್ಲಿ ಹೆದೆ ಎಳೆಯಬೇಕು. ಎಡಗಣ್ಣಾದರೆ ಸಾಮಾನ್ಯವಾಗಿ ಇದರ ಉಲ್ಟಾ.

ಆಮೇಲೆ ಅಳತೆ ಟೇಪು

ಮಗು ಎರಡೂ ತೋಳು ಅಗಲಿಸಿ ನಿಂತಾಗ ಒಂದು ನಡುಬೆರಳ ತುದಿಯಿಂದ ಇನ್ನೊಂದರ ತುದಿಯವರೆಗೆ ಅಳೆಯಿರಿ. ಅದನ್ನು 2.5ರಿಂದ ಭಾಗಿಸಿದರೆ ಆ ಮಗು ಹೆದೆಯನ್ನು ಎಷ್ಟು ದೂರ ಎಳೆಯುತ್ತದೆ ಎಂಬ ಅಂದಾಜು ಸಿಗುತ್ತದೆ. 140 ಸೆಂ.ಮೀ. ಅಂದರೆ 55 ಇಂಚು. ಭಾಗಿಸಿದರೆ 22 ಇಂಚು. ಇಷ್ಟು ಎಳೆಯುವ ಮಗುವಿಗೆ 58ರಿಂದ 62 ಇಂಚು ಉದ್ದದ ಬಿಲ್ಲು ಸಾಕು. ‘ಮುಂದೆ ಬೆಳೀತಾಳ ಬಿಡ್ರಿ’ ಅಂತ 68 ಇಂಚಿನದ್ದು ತಂದರೆ, ಒಂದು ಸೈಜು ದೊಡ್ಡ ಚಪ್ಪಲಿ ಕೊಡಿಸಿದ ಹಾಗಲ್ಲ ಅದು. ಬಿಲ್ಲು ಪೂರ್ತಿ ಬಾಗುವುದೇ ಇಲ್ಲ, ಬಾಣಕ್ಕೆ ಓಟ ಸಿಗುವುದಿಲ್ಲ.

ಅಸಲಿ ವಿಷಯ: ಪೌಂಡ್

ಹೆದೆ ಎಳೆಯಲು ಬೇಕಾದ ಬಲವನ್ನು ಪೌಂಡ್‌ನಲ್ಲಿ ಅಳೆಯುತ್ತಾರೆ. ಬಿಲ್ಲಿನ ಮೇಲೆ ಬರೆದಿರುವ ಸಂಖ್ಯೆ ಸಾಮಾನ್ಯವಾಗಿ 28 ಇಂಚು ಎಳೆದಾಗಿನ ಲೆಕ್ಕ. 22 ಇಂಚು ಎಳೆಯುವ ಹುಡುಗಿಗೆ ‘18 ಪೌಂಡ್’ ಬಿಲ್ಲಿನ ಭಾರ ಇನ್ನೂ ಕಡಿಮೆಯೇ ಇರುತ್ತದೆ. ಹತ್ತರಿಂದ ಹನ್ನೆರಡು ವರ್ಷದವರಿಗೆ 14ರಿಂದ 18 ಎಂದು ಬರೆದಿರುವ ಬಿಲ್ಲು ಶುರುವಿಗೆ ಸರಿಯಾದದ್ದು.

‘ಇಷ್ಟೇನಾ?’ ಅಂತ ಮೂಗು ಮುರಿಯುವ ಕಾಕಾಗಳು ಇದ್ದೇ ಇರ್ತಾರೆ. ಒಲಿಂಪಿಕ್ಸ್‌ನಲ್ಲಿ 70 ಮೀಟರ್ ದೂರಕ್ಕೆ ಹೊಡೆಯುವ ಮಹಿಳೆಯರು 40 ಪೌಂಡ್ ಆಸುಪಾಸಿನ ಬಿಲ್ಲು ಬಳಸುವುದು ನಿಜ. ಆದರೆ ಅವರು ವರ್ಷಗಟ್ಟಲೆ ದಿನಕ್ಕೆ ನೂರಾರು ಬಾಣ ಬಿಟ್ಟು ಅಲ್ಲಿಗೆ ತಲುಪಿದವರು. ಬೆಳೆಯುತ್ತಿರುವ ಭುಜಕ್ಕೆ ಮೊದಲ ದಿನವೇ ಭಾರದ ಬಿಲ್ಲು ಕೊಟ್ಟರೆ ಮಗು ಬೆನ್ನಿನ ಬಲ ಬಿಟ್ಟು ತೋಳು ಕುಕ್ಕಿ ಎಳೆಯಲು ಕಲಿಯುತ್ತದೆ, ಮೈ ಹಿಂದಕ್ಕೆ ವಾಲಿಸುತ್ತದೆ. ಆ ಚಟ ಬಿಡಿಸಲು ಕೋಚ್‌ಗೆ ವರ್ಷ ಬೇಕು. ಭುಜ ನೋವಾದರೆ ಮಗು ಆಟವನ್ನೇ ಬಿಡುತ್ತದೆ. ಸುಲಭ ಪರೀಕ್ಷೆ: ಬಲ್ಲವರು ಪಕ್ಕದಲ್ಲಿರುವಾಗ ಹೆದೆಯನ್ನು ಪೂರ್ತಿ ಎಳೆದು ಹತ್ತು ಎಣಿಸುವವರೆಗೆ ಹಿಡಿಯಲಿ, ಮೆಲ್ಲಗೆ ವಾಪಸ್ ಬಿಡಲಿ. ಕೈ ನಡುಗಿದರೆ ಬಿಲ್ಲು ಭಾರವಾಗಿದೆ ಅಂತಲೇ ಅರ್ಥ.

ಬಿದಿರೋ, ರಿಕರ್ವೋ?

ಬಿದಿರಿನ ಬಿಲ್ಲಿಗೆ ದೇಶದೊಳಗಿನ ಸ್ಪರ್ಧೆಗಳಲ್ಲಿ ‘ಇಂಡಿಯನ್ ರೌಂಡ್’ ಎಂಬ ಪ್ರತ್ಯೇಕ ವಿಭಾಗವೇ ಇದೆ. 30 ಮತ್ತು 50 ಮೀಟರ್. ಕೆಲವೇ ಸಾವಿರದಲ್ಲಿ ಸಿಗುತ್ತದೆ. ರಾಂಚಿಯ ಆಟೋ ಚಾಲಕರ ಮಗಳು ದೀಪಿಕಾ ಕುಮಾರಿ ಬಿದಿರಿನ ಬಿಲ್ಲಿನಿಂದಲೇ ಶುರು ಮಾಡಿ, 2010ರ ದೆಹಲಿ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದವರು. ಹಾಗಾಗಿ ಬಿದಿರು ಅಂದರೆ ನಾಚಿಕೆ ಬೇಡ. ಆದರೆ ಅದು ಅಂತರರಾಷ್ಟ್ರೀಯ ಸ್ಪರ್ಧೆಗೆ ಹೋಗುವುದಿಲ್ಲ, ಮಗು ಬೆಳೆದಂತೆ ಅದರ ಪೌಂಡ್ ಹೆಚ್ಚಿಸಲೂ ಆಗುವುದಿಲ್ಲ.

ಇನ್ನೊಂದು ದಾರಿ ಬಿಚ್ಚಿ ಜೋಡಿಸುವ ಮರದ ರಿಕರ್ವ್. ನಡುವಿನ ಹಿಡಿಕೆಗೆ ರೈಸರ್ ಅಂತಾರೆ, ಮೇಲೆ ಕೆಳಗಿನ ಬಾಗುವ ತೋಳುಗಳಿಗೆ ಲಿಂಬ್ ಅಂತಾರೆ. ಮಗುವಿನ ಬಲ ಹೆಚ್ಚಿದಾಗ ಲಿಂಬ್ ಮಾತ್ರ ಬದಲಿಸಿದರೆ ಸಾಕು, 16 ಹೋಗಿ 18 ಆಗುತ್ತದೆ. ಕೋಚ್ ಸಿಗುವ ಸಾಧ್ಯತೆ ಇದ್ದರೆ ನನ್ನ ಓಟು ಇದಕ್ಕೇ. ಗಾಲಿಗಳಿರುವ ಕಾಂಪೌಂಡ್ ಬಿಲ್ಲು 2028ರ ಲಾಸ್ ಏಂಜಲಿಸ್ ಒಲಿಂಪಿಕ್ಸ್‌ಗೆ ಮಿಶ್ರ ತಂಡ ವಿಭಾಗದಲ್ಲಿ ಬರಲಿದೆ ನಿಜ, ಆದರೆ ದುಬಾರಿ, ರಿಪೇರಿ ಕಷ್ಟ. ಮೊದಲ ಬಿಲ್ಲಿಗೆ ಅದು ಬೇಡ.

ದುಡ್ಡೆಲ್ಲ ಬಿಲ್ಲಿಗೇ ಸುರಿಯಬೇಡಿ. ಬಾಣ ಮಗುವಿನ ಎಳೆತಕ್ಕಿಂತ ಎರಡು ಇಂಚಾದರೂ ಉದ್ದ ಇರಬೇಕು. ಗಿಡ್ಡ ಬಾಣ ಬಿಲ್ಲಿನಿಂದ ಒಳಗೆ ಜಾರಿ ಕೈಗೆ ಚುಚ್ಚಬಹುದು. ಮುಂಗೈಗೆ ಕವಚ, ಬೆರಳಿಗೆ ಚರ್ಮದ ಪಟ್ಟಿ ಬೇಕೇ ಬೇಕು. ಬಾಣವಿಲ್ಲದೆ ಹೆದೆ ಎಳೆದು ಫಟ್ ಅಂತ ಬಿಡಬಾರದು, ಲಿಂಬ್ ಸೀಳುತ್ತದೆ. ನಮ್ಮ ಬೇಸಿಗೆಯಲ್ಲಿ ಬಿಲ್ಲನ್ನು ಕಾರಿನೊಳಗೆ ಬಿಡಬೇಡಿ; ಶಾಖಕ್ಕೆ ಪದರಗಳ ಅಂಟು ಬಿಟ್ಟುಕೊಳ್ಳಬಹುದು. ಗುರಿಹಲಗೆಗೆ ದೂರ ಹೋಗಬೇಕಿಲ್ಲ. ನಾರಾಯಣಪುರ ಕಾಲುವೆ ಬಯಲಲ್ಲಿ ಭತ್ತದ ಹುಲ್ಲಿಗೇನೂ ಬರವಿಲ್ಲ, ಬಿಗಿಯಾಗಿ ಕಟ್ಟಿದ ಹುಲ್ಲಿನ ಕಟ್ಟು ಹತ್ತು ಮೀಟರ್‌ನಿಂದ ಬಂದ ಈ ಹಗುರ ಬಾಣವನ್ನು ತಡೆಯುತ್ತದೆ. ಹಿಂದೆ ಜನ, ದನ ಓಡಾಡದ ಜಾಗ ಮಾತ್ರ ಇರಬೇಕು.

ಹಾಗಾದರೆ ಕೊಳ್ಳುವವರು ಯಾರು?

ಇಲ್ಲಿಗೆ ಬಂದರೆ ಇದು ಮನೆಯ ಲೆಕ್ಕವಾಗಿ ಉಳಿಯುವುದಿಲ್ಲ. ಮಗು ಒಂದೆರಡು ವರ್ಷದಲ್ಲಿ ಆ ಬಿಲ್ಲನ್ನು ಮೀರಿ ಬೆಳೆಯುತ್ತದೆ. ಕೂಲಿ ಮಾಡುವ ಮನೆ ಎಷ್ಟು ಸಲ ಬದಲಿಸೀತು? ಸ್ಪರ್ಧೆಯ ಮಟ್ಟದ ರಿಕರ್ವ್ ಸೆಟ್ಟಿನ ಬೆಲೆ ಲಕ್ಷ ದಾಟುತ್ತದೆ. ಆದ್ದರಿಂದ ಮೊದಲ ಬಿಲ್ಲು ಮಗುವಿನದಾಗುವುದಕ್ಕಿಂತ ಶಾಲೆಯದಾಗಿರಬೇಕು ಅನ್ನೋದು ನನ್ನ ವಾದ. ಎರಡು ಮೂರು ಅಳತೆಯ ರೈಸರ್, 14ರಿಂದ 24 ಪೌಂಡ್‌ವರೆಗಿನ ಲಿಂಬ್ ಜೋಡಿಗಳು, ಎಡಗೈಯವರಿಗೂ ಒಂದೆರಡು. ಇಷ್ಟಿದ್ದರೆ ಒಬ್ಬಳು ಬೆಳೆದು ಬಿಟ್ಟ ಲಿಂಬ್ ಇನ್ನೊಬ್ಬನ ಕೈಗೆ ಬರುತ್ತದೆ.

ರಾಜಸ್ಥಾನದ ಲಿಂಬಾ ರಾಮ್ ಕಾಡಿನಲ್ಲಿ ಬಿದಿರಿನ ಬಿಲ್ಲು ಹಿಡಿದೇ ಬೆಳೆದವರು. ಆದರೆ ಅವರು ಮೂರು ಒಲಿಂಪಿಕ್ಸ್‌ಗೆ ಹೋದದ್ದು ‘ರಕ್ತ’ದಿಂದಲ್ಲ. 1980ರ ದಶಕದಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರ ಆದಿವಾಸಿ ಪ್ರದೇಶದ ಹುಡುಗರನ್ನು ಹುಡುಕಿ, ಬಿಲ್ಲು, ಊಟ, ತರಬೇತಿ ಕೊಟ್ಟಿದ್ದರಿಂದ.

ಸುರಪುರ ಪರಿಶಿಷ್ಟ ಪಂಗಡಕ್ಕೆ ಮೀಸಲಾದ ಕ್ಷೇತ್ರ. 2013ರಿಂದ ಬುಡಕಟ್ಟು ಉಪಯೋಜನೆ ಕಾಯ್ದೆ ಇದೆ, 371(ಜೆ) ಇದೆ, ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ಇದೆ. ಕ್ರೀಡಾಪಟುಗಳಿಗೆ ರಾಜ್ಯ ಸರ್ಕಾರ ಕೊಡುವ ಪ್ರಶಸ್ತಿಯ ಹೆಸರೇ ಏಕಲವ್ಯ. ಹೆಬ್ಬೆರಳು ಕಳೆದುಕೊಂಡವನ ಹೆಸರಲ್ಲಿ ಪ್ರಶಸ್ತಿ ಕೊಡುವ ಸರ್ಕಾರ, ಬೆರಳು ಹತ್ತೂ ಇರುವ ಮಕ್ಕಳಿಗೆ ಅಳತೆಯ ಬಿಲ್ಲು ಕೊಡಲಿ ಅಂತ ಕೇಳುವುದು ಅತಿಯಾಸೆಯೇನಲ್ಲ.

ಕೇಳುವಾಗ ‘ಬಿಲ್ಲುಗಾರಿಕೆಗೆ ಪ್ರೋತ್ಸಾಹ ಕೊಡಿ’ ಅಂತ ಮನವಿ ಬರೆಯಬೇಡಿ. ಅದಕ್ಕೆ ಸಿಗೋದು ಭಾಷಣ ಮಾತ್ರ. ಶಾಲಾಭಿವೃದ್ಧಿ ಸಮಿತಿಯ ಸಭೆಯಲ್ಲಿ ಮಕ್ಕಳ ತೋಳಿನ ಅಳತೆ, ಬೇಕಾದ ಪೌಂಡ್, ಲಿಂಬ್ ಜೋಡಿಗಳ ಸಂಖ್ಯೆ, ಕೋಚ್ ಬರಬೇಕಾದ ದಿನ, ಎಲ್ಲವನ್ನೂ ಠರಾವಿನಲ್ಲಿ ಬರೆಸಿ. ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಗೆ ಅದರ ಪ್ರತಿ ಕೊಟ್ಟು ಸ್ವೀಕೃತಿ ಪಡೆಯಿರಿ. ಅಳತೆ ಟೇಪು ನಿಮ್ಮೂರ ದರ್ಜಿ ಹತ್ತಿರ ಇದೆ. ಈ ವಾರವೇ ಶುರು ಮಾಡಬಹುದು.