ಕ್ಯಾರಿಯರ್‌ನಿಂದ ಸೀಟಿಗೆ: ಜೋಡಿ ಸೈಕಲ್ಲಿನ ಕತೆ

ವಿಜಯಪುರ ಜಿಲ್ಲೆಯ ಮುದ್ದೇಬಿಹಾಳ ತಾಲ್ಲೂಕಿನ ತಂಗಡಗಿ ಕೃಷ್ಣಾ ನದಿಯ ದಂಡೆಯ ಮೇಲಿನ ಊರು. ಕಲ್ಯಾಣದಿಂದ ಕೂಡಲಸಂಗಮದತ್ತ ಹೊರಟಿದ್ದ ನೀಲಾಂಬಿಕೆ, ಬಸವಣ್ಣನವರು ಆಗಲೇ ಐಕ್ಯರಾದ ಸುದ್ದಿ ಕೇಳಿ ಇಲ್ಲಿಯೇ ಐಕ್ಯಳಾದಳೆಂದು ಪರಂಪರೆ ಹೇಳುತ್ತದೆ. ಆಕೆಯನ್ನು ಕರೆತರಲು ಹೋದ ಹಡಪದ ಅಪ್ಪಣ್ಣನ ನೆನಪೂ ಈ ಊರಿಗೆ ಅಂಟಿಕೊಂಡಿದೆ. ಗಂಡ ಮುಂದೆ ಹೋದ ದಾರಿಯಲ್ಲಿ ಹೆಂಡತಿ ಹಿಂದಿನಿಂದ ಬಂದ ಈ ಕತೆಯನ್ನು ಬಲ್ಲ ಸಾವಿರಾರು ದಂಪತಿಗಳು ಇಂದಿಗೂ ತಂಗಡಗಿ, ಸಂಗಮಗಳ ನಡುವೆ ಓಡಾಡುತ್ತಾರೆ. ಈಗ ಬಸ್ಸು, ಕಾರು, ಮೋಟರ್ ಸೈಕಲ್ಲು. ಎರಡು ತಲೆಮಾರಿನ ಹಿಂದೆ ಅದೇ ದಾರಿಯಲ್ಲಿ ಸೈಕಲ್ಲುಗಳಿದ್ದವು.

ಆಗ ಗಂಡ ಹೆಂಡತಿ ಕೂಡಿ ಸೈಕಲ್ ಮೇಲೆ ಹೊರಟರು ಎಂದರೆ ಅದಕ್ಕೆ ಒಂದೇ ಅರ್ಥ. ತುಳಿಯುವವನು ಗಂಡ. ಹೆಂಡತಿ ಕ್ಯಾರಿಯರ್ ಮೇಲೆ ಎರಡೂ ಕಾಲುಗಳನ್ನು ಒಂದೇ ಕಡೆ ಇಳಿಬಿಟ್ಟು, ಒಂದು ಕೈಯಲ್ಲಿ ಬುತ್ತಿಗಂಟು, ಇನ್ನೊಂದರಲ್ಲಿ ಸೀಟಿನ ಸ್ಪ್ರಿಂಗು ಹಿಡಿದು ಕೂರಬೇಕು. ಮಗುವಿದ್ದರೆ ಅದಕ್ಕೆ ಮುಂದಿನ ಅಡ್ಡ ಪೈಪೇ ಆಸನ. ಪೇಟೆ ಬಂತೆಂದರೆ ಡಬಲ್ ಸೀಟಿಗೆ ದಂಡ ಹಾಕುವ ಪೊಲೀಸರ ಭಯಕ್ಕೆ ಇಳಿದು ನಡೆಯುವುದು, ಚೌಕ ದಾಟಿದ ಮೇಲೆ ಮತ್ತೆ ಹತ್ತುವುದು. ಪುರಸಭೆಯ ತೆರಿಗೆ ಬಿಲ್ಲೆ, ಮುಸ್ಸಂಜೆಯ ನಂತರ ದೀಪ, ಇವುಗಳ ಕಾಟವನ್ನು ಕಂಡವರು ಇನ್ನೂ ಇದ್ದಾರೆ. ಆ ಪಯಣದಲ್ಲಿ ಪ್ರೀತಿ ಇರಲಿಲ್ಲವೆಂದಲ್ಲ. ಆದರೆ ಇಬ್ಬರೂ ತಮ್ಮ ತಮ್ಮ ಪೆಡಲು ತುಳಿದು ಒಟ್ಟಿಗೆ ದೂರದ ದಾರಿ ಹಿಡಿಯುವುದು ಬೇರೆಯೇ ಸಂಗತಿ. ಅದರ ಚರಿತ್ರೆಗೆ ಈಗ ಸುಮಾರು ನೂರನಲವತ್ತು ವರ್ಷ.

ಆ ಚರಿತ್ರೆಯ ಮೊದಲ ಪುಟಗಳಲ್ಲಿ ಸಿಗುವ ಜೋಡಿ ಅಮೆರಿಕದ ಜೋಸೆಫ್ ಪೆನ್ನೆಲ್ ಮತ್ತು ಎಲಿಜಬೆತ್ ರಾಬಿನ್ಸ್ ಪೆನ್ನೆಲ್. ಆತ ಚಿತ್ರಕಾರ, ಆಕೆ ಲೇಖಕಿ. 1884ರಲ್ಲಿ ಮದುವೆಯಾದ ಇವರು ಅದೇ ವರ್ಷ ಲಂಡನ್ನಿನಿಂದ ಕ್ಯಾಂಟರ್‌ಬರಿಗೆ, ಬಳಿಕ ಇಟಲಿಯ ಫ್ಲಾರೆನ್ಸಿನಿಂದ ರೋಮಿಗೆ ಹೋದದ್ದು ಇಬ್ಬರೂ ತುಳಿಯುವ ಮೂರು ಗಾಲಿಯ ಗಾಡಿಯಲ್ಲಿ. ಆಗಿನ ಎತ್ತರದ ಗಾಲಿಯ ಸೈಕಲ್ಲನ್ನು ಉದ್ದ ಲಂಗ ತೊಟ್ಟ ಹೆಂಗಸು ಏರುವಂತಿರಲಿಲ್ಲ; ಗಂಡಸರೇ ಅದರಿಂದ ತಲೆ ಕೆಳಗಾಗಿ ಬೀಳುತ್ತಿದ್ದರು. 1885ರಲ್ಲಿ ಇಂಗ್ಲೆಂಡಿನ ಜಾನ್ ಕೆಂಪ್ ಸ್ಟಾರ್ಲಿ ಎರಡು ಸಮಗಾಲಿಗಳ, ಚೈನಿನ ಸೈಕಲ್ಲು ತಂದ. 1888ರಲ್ಲಿ ಡನ್‌ಲಪ್ ಗಾಳಿ ತುಂಬಿದ ಟೈರು ತಂದ. ಅಡ್ಡ ಪೈಪನ್ನು ಕೆಳಗೆ ಬಾಗಿಸಿದ ಲೇಡೀಸ್ ಸೈಕಲ್ಲೂ ಬಂತು. ಜೋಡಿ ಗಾಡಿಯಲ್ಲಿ ಶುರು ಮಾಡಿದ ಎಲಿಜಬೆತ್, 1898ರಲ್ಲಿ ಪ್ರಕಟಿಸಿದ ಆಲ್ಪ್ಸ್ ಪ್ರವಾಸದ ಪುಸ್ತಕದ ಹೊತ್ತಿಗೆ ತನ್ನದೇ ಸೈಕಲ್ಲಿನಲ್ಲಿ ಘಟ್ಟ ಹತ್ತುತ್ತಿದ್ದಳು.

ಭಾರತದ ಮಟ್ಟಿಗೆ ಹೇಳಬೇಕಾದ ದಂಪತಿಗಳು ಬೇರೆ. ಫ್ಯಾನಿ ಬುಲಕ್ ವರ್ಕ್‌ಮನ್ ಮತ್ತು ವಿಲಿಯಂ ಹಂಟರ್ ವರ್ಕ್‌ಮನ್. ಫ್ಯಾನಿ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಗವರ್ನರರಾಗಿದ್ದವರ ಮಗಳು, 1859ರಲ್ಲಿ ಹುಟ್ಟಿದವಳು. ವಿಲಿಯಂ ಆಕೆಗಿಂತ ಹನ್ನೆರಡು ವರ್ಷ ದೊಡ್ಡವನು, ವೈದ್ಯ. ಆರೋಗ್ಯ ಸರಿಯಿಲ್ಲವೆಂದು ಬೇಗನೆ ವೃತ್ತಿ ಬಿಟ್ಟವನು. ಆರೋಗ್ಯ ಕೆಟ್ಟವನೆಂದು ಹೆಸರಾದ ಆತ 1937ರ ತನಕ ಬದುಕಿದ್ದ, ಸೈಕಲ್ಲಿನ ಮಹಿಮೆಯೋ ಏನೋ! ಇಬ್ಬರೂ ಮೊದಲು ಅಲ್ಜೀರಿಯಾ, ಸ್ಪೇನ್ ಸುತ್ತಿ ಪುಸ್ತಕ ಬರೆದರು. 1897ರಲ್ಲಿ ಏಷ್ಯಾದತ್ತ ಹೊರಟರು. ಭಾರತದ ದಕ್ಷಿಣ ತುದಿಯಿಂದ ಹಿಮಾಲಯದ ಬುಡದವರೆಗೆ, ಜೊತೆಗೆ ಸಿಂಹಳ, ಬರ್ಮಾ, ಜಾವಾಗಳಲ್ಲಿ ಅವರು ತುಳಿದ ದೂರ ಸುಮಾರು 14,000 ಮೈಲಿ, ಅಂದರೆ 22,500 ಕಿಲೋಮೀಟರು.

ಅದು ಗೇರಿಲ್ಲದ ಕಾಲ. ಸಾಮಾನು ಸರಂಜಾಮು ಸಿಗಲೆಂದು ಸಾಧ್ಯವಾದಷ್ಟು ರೈಲು ದಾರಿಯ ಹತ್ತಿರವೇ ಸಾಗುತ್ತಿದ್ದರು. ಆದರೂ ಊಟ, ನೀರು, ಹಾಸಿಗೆ ಯಾವುದೂ ಇಲ್ಲದ ರಾತ್ರಿಗಳು ಬಂದವು. ಸೊಳ್ಳೆ, ಇಲಿಗಳ ಸಹವಾಸ ಸಾಮಾನ್ಯವಾಗಿತ್ತು. ಒಂದೇ ದಿನ ನಲವತ್ತರವರೆಗೂ ಪಂಕ್ಚರು ತಿದ್ದಿದ್ದುಂಟು. ನಮ್ಮ ಕಡೆಯ ಜಾಲಿಮುಳ್ಳು, ನೆಗ್ಗಿಲುಮುಳ್ಳುಗಳ ಪರಿಚಯವಿರುವ ಯಾರಿಗೂ ಈ ಸಂಖ್ಯೆ ಉತ್ಪ್ರೇಕ್ಷೆ ಎನಿಸದು. ನಲವತ್ತನೆಯ ಪಂಕ್ಚರಿನ ಹೊತ್ತಿಗೆ ಒಬ್ಬರ ಮೇಲೊಬ್ಬರು ರೇಗದೆ ಉಳಿದಿದ್ದರೆ ಆ ಸಂಸಾರ ಗಟ್ಟಿಯಾದದ್ದೇ ಸರಿ.

1904ರಲ್ಲಿ ಬಂದ ಅವರ ಪುಸ್ತಕವನ್ನು ಓದುವಾಗ ಒಂದು ಬೇಸರ ಕಾಡುತ್ತದೆ. ಗುಡಿಗಳ ಕಂಬ, ಗೋಪುರ, ಶಿಲ್ಪಗಳ ಮೇಲೆ ಅವರಿಗಿದ್ದ ಕಣ್ಣು, ಆ ಗುಡಿಗಳ ನೆರಳಲ್ಲಿ ಬದುಕುತ್ತಿದ್ದ ಜನರ ಮೇಲೆ ಅಷ್ಟಾಗಿ ಇರಲಿಲ್ಲ. ಕೂಲಿಗಳ ಬಗ್ಗೆ ಆಳುವವರ ಧೋರಣೆಯೇ ಇತ್ತು. ಮಗಳನ್ನು ಇತರರ ಆರೈಕೆಯಲ್ಲಿ ಬಿಟ್ಟು ತಿರುಗಿದರೆಂಬ ಮಾತೂ ಫ್ಯಾನಿಯ ಹೆಸರಿಗೇ ಹೆಚ್ಚಾಗಿ ಅಂಟಿತು, ವಿಲಿಯಂ ಹೆಸರಿಗಲ್ಲ. ಆದರೆ ಗಂಡ ಹೆಂಡಿರ ನಡುವಿನ ಅವರ ಒಪ್ಪಂದ ಇಂದಿಗೂ ಅಪರೂಪದ್ದು. 1898ರ ಬೇಸಿಗೆಯ ಸೆಕೆ ತಡೆಯಲಾರದೆ ಹಿಮಾಲಯಕ್ಕೆ ಹೋದವರು ಪರ್ವತದ ಹುಚ್ಚು ಹಿಡಿಸಿಕೊಂಡರು. ಮುಂದಿನ ಯಾತ್ರೆಗಳಲ್ಲಿ ಹೊಣೆಯನ್ನು ಸರದಿಯಂತೆ ಬದಲಾಯಿಸಿಕೊಂಡರು. ಒಂದು ಸಲ ಆಕೆ ನಾಯಕಿ, ಆತ ಅಳತೆ ಮತ್ತು ಛಾಯಾಚಿತ್ರದ ಕೆಲಸದವ. ಇನ್ನೊಂದು ಸಲ ಅದರ ತಿರುವು. 1906ರಲ್ಲಿ ಫ್ಯಾನಿ ಏರಿದ ಪಿನಾಕಲ್ ಪೀಕ್ 6,930 ಮೀಟರ್ ಎತ್ತರದ್ದು, ಅಂದಿಗೆ ಹೆಂಗಸರಲ್ಲಿ ದಾಖಲೆ. 1912ರಲ್ಲಿ ಸಿಯಾಚಿನ್ ಪ್ರದೇಶದಲ್ಲಿ ಹೆಂಗಸರಿಗೆ ಮತದಾನದ ಹಕ್ಕು ಕೇಳುವ ಪತ್ರಿಕೆಯನ್ನು ಹಿಡಿದು ಆಕೆ ನಿಂತ ಚಿತ್ರ ಪ್ರಸಿದ್ಧ. ಅಮೆರಿಕದ ಹೆಂಗಸರಿಗೆ ಆ ಹಕ್ಕು ಸಂವಿಧಾನದ ಮೂಲಕ ಸಿಕ್ಕಿದ್ದು 1920ರಲ್ಲಿ.

ಇಬ್ಬರು ಒಟ್ಟಿಗೆ ಸೈಕಲ್ ತುಳಿಯುವಾಗ ಏಳುವ ಮೊದಲ ತಕರಾರು ವೇಗದ್ದು. ಒಬ್ಬರ ಕಾಲಿಗೆ ಕಸುವು ಹೆಚ್ಚು, ಇನ್ನೊಬ್ಬರಿಗೆ ಕಡಿಮೆ. ಇದಕ್ಕೆ ಗಾಳಿಯೇ ಒಂದು ಪರಿಹಾರ ಕೊಟ್ಟಿದೆ. ಸಮತಟ್ಟು ರಸ್ತೆಯಲ್ಲಿ ಗಂಟೆಗೆ ಇಪ್ಪತ್ತೈದು ಕಿಲೋಮೀಟರು ದಾಟಿದರೆ ಸವಾರನ ಶ್ರಮದ ಬಹುಪಾಲು ಗಾಳಿಯನ್ನು ಸೀಳುವುದಕ್ಕೇ ಹೋಗುತ್ತದೆ. ಮುಂದಿನವನ ಹಿಂಗಾಲಿಗೆ ಅಂಟಿದಂತೆ ಬರುವ ಹಿಂದಿನವರಿಗೆ ಆ ಶ್ರಮದಲ್ಲಿ ಸುಮಾರು ಕಾಲು ಭಾಗದಿಂದ ಮೂರನೇ ಒಂದು ಭಾಗದವರೆಗೆ ಉಳಿತಾಯ. ಹೀಗೆ ಬಲದಲ್ಲಿ ಸಮನಲ್ಲದ ಇಬ್ಬರು ವೇಗದಲ್ಲಿ ಸಮನಾಗಬಹುದು. ಎರಡು ಸೀಟಿನ ಟ್ಯಾಂಡಮ್ ಸೈಕಲ್ಲಿನ ಗುಟ್ಟೂ ಇದೇ: ಕಾಲುಗಳು ನಾಲ್ಕು, ಎದುರಿಸುವ ಗಾಳಿ ಹೆಚ್ಚು ಕಡಿಮೆ ಒಬ್ಬರದ್ದೇ. ಬಯಲಿನಲ್ಲಿ ಅದು ಹಾರುತ್ತದೆ, ಏರಿನಲ್ಲಿ ತೂಕಕ್ಕೆ ಏದುಸಿರು ಬಿಡುತ್ತದೆ. ಹಿಂದೆ ಕೂತವರಿಗೆ ಕಾಣುವುದು ಮುಂದಿನವರ ಬೆನ್ನು ಮಾತ್ರ. ಬ್ರೇಕು, ಹ್ಯಾಂಡಲು ಅವರ ಕೈಯಲ್ಲಿಲ್ಲ. ಗುಂಡಿ ಬಂದರೆ ಮುಂದಿನವರು ಕೂಗಿ ಹೇಳಬೇಕು. ಹೇಳಲು ಮರೆತರೆ ಆ ದಿನದ ಪಯಣ ಮೌನವಾಗಿಯೇ ಮುಗಿಯುತ್ತದೆ.

ಈ ಗಾಳಿಯ ಪಾಠವನ್ನು ಪುಸ್ತಕ ಓದದೆ ಕಲಿತವರು ವಿಜಯಪುರ, ಬಾಗಲಕೋಟೆ ಕಡೆಯ ಹುಡುಗರು. 1997ರ ತನಕ ಒಂದೇ ಜಿಲ್ಲೆಯಾಗಿದ್ದ ಈ ನೆಲ ಕರ್ನಾಟಕದ ಸೈಕ್ಲಿಂಗಿನ ತವರು. ಜಾತ್ರೆ ಎಂದರೆ ಕುಸ್ತಿ, ಬಂಡಿ ಓಟದ ಜೊತೆಗೆ ಸೈಕಲ್ ಶರ್ಯತ್ತು ಇರಲೇಬೇಕು. ಮೊದಲೆಲ್ಲ ಮಡ್‌ಗಾರ್ಡು, ಕ್ಯಾರಿಯರ್, ಸ್ಟ್ಯಾಂಡು ಬಿಚ್ಚಿಟ್ಟ ಸಾದಾ ಸೈಕಲ್ಲುಗಳೇ. ಮಡ್‌ಗಾರ್ಡು ಬಿಚ್ಚುವುದು ತೂಕ ಇಳಿಸಲು ಮಾತ್ರವಲ್ಲ. ಒಂದು ಮಳೆ ಬಿದ್ದರೆ ಎರೆಮಣ್ಣು ಟೈರಿಗೂ ತಗಡಿಗೂ ನಡುವೆ ತುಂಬಿ ಗಾಲಿ ಅಲ್ಲಾಡದಂತೆ ಮಾಡುತ್ತದೆ. ಏರಿಳಿತ ಕಡಿಮೆ ಇರುವ ಉದ್ದ ರಸ್ತೆ, ನೆರಳಿಲ್ಲದ ಬಯಲು, ಮುಂಗಾರಿನಲ್ಲಿ ಬಿಡದೆ ಬೀಸುವ ಪಡುವಣ ಗಾಳಿ, ಇವೇ ಇಲ್ಲಿನ ತರಬೇತುದಾರರು. ವಿಜಯಪುರದಲ್ಲಿ ಸರ್ಕಾರದ ಸೈಕ್ಲಿಂಗ್ ಕ್ರೀಡಾನಿಲಯ ಬಂತು, ಇಲ್ಲಿನವರು ರಾಷ್ಟ್ರಮಟ್ಟದ ಪದಕ ತಂದರು, ಕ್ರೀಡಾ ಕೋಟಾದಲ್ಲಿ ರೈಲ್ವೆ ನೌಕರಿ ಹಿಡಿದವರಿದ್ದಾರೆ. ಭೂತನಾಳದ ಬಳಿ ವೆಲೋಡ್ರೋಮ್ ಕಟ್ಟುವ ಕೆಲಸ ಮಾತ್ರ ವರ್ಷಗಟ್ಟಲೆ ಎಳೆಯಿತು. ಸೈಕಲ್ಲಿನ ತವರಿನಲ್ಲಿ ಸರ್ಕಾರದ ಗಾಲಿ ನಿಧಾನ.

ಆ ಪದಕಗಳಲ್ಲಿ ಹೆಣ್ಣುಮಕ್ಕಳ ಪಾಲು ದೊಡ್ಡದು. ಒಕ್ಕಲುತನದ ಮನೆಗಳಿಂದ ಬಂದ ಹುಡುಗಿಯರು ಮೊಣಕಾಲು ಕಾಣುವ ಬಿಗಿ ಉಡುಪು ತೊಟ್ಟು ಹೆದ್ದಾರಿಯಲ್ಲಿ ಅಭ್ಯಾಸ ಮಾಡುವುದನ್ನು ಈ ಸೀಮೆ ಒಪ್ಪಿಕೊಂಡದ್ದು ಸಣ್ಣ ಮಾತಲ್ಲ. 2006-07ರಲ್ಲಿ ಆರಂಭವಾಗಿ ಕೊರೊನಾ ಕಾಲದಲ್ಲಿ ನಿಂತುಹೋದ, ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ ಕೊಡುವ ಸರ್ಕಾರದ ಯೋಜನೆಯೂ ಹಳ್ಳಿಯ ಹುಡುಗಿ ಸೈಕಲ್ ಹತ್ತುವುದನ್ನು ದಿನನಿತ್ಯದ ನೋಟವಾಗಿಸಿತು. ಕಷ್ಟ ಬರುವುದು ಮದುವೆಯ ಮೇಲೆ. ಗೆದ್ದ ಗಂಡ ಶರ್ಯತ್ತಿಗೆ ಹೋಗುತ್ತಲೇ ಇರುತ್ತಾನೆ. ಗೆದ್ದ ಹೆಂಡತಿಯ ಸೈಕಲ್ಲು ಗೋಡೆಯ ಮೊಳೆ ಸೇರುತ್ತದೆ. ಲಕ್ಷಗಟ್ಟಲೆ ಬೆಲೆಯ ಕಾರ್ಬನ್ ಸೈಕಲ್ಲು ಮನೆಗೆ ಒಂದೇ ಬರುವುದಾದರೆ ಯಾರಿಗೆ ಎಂಬ ಪ್ರಶ್ನೆಯನ್ನು ಯಾರೂ ಕೇಳುವುದೇ ಇಲ್ಲ. ಓಟಗಾರ್ತಿಯೊಬ್ಬಳ ವೃತ್ತಿಯ ಆಯುಷ್ಯವನ್ನು ಅವಳ ಕಾಲಿಗಿಂತ ಹೆಚ್ಚಾಗಿ ಸೇರಿದ ಮನೆ ನಿರ್ಧರಿಸುತ್ತದೆ.

ಓಟದ ವಯಸ್ಸು ದಾಟಿದ ದಂಪತಿಗಳಿಗೆ ಇತ್ತೀಚಿನ ವರ್ಷಗಳಲ್ಲಿ ಒಂದು ಮಧ್ಯದ ದಾರಿ ತೆರೆದಿದೆ. ಫ್ರಾನ್ಸಿನಿಂದ ಬಂದ ಬ್ರೆವೆ ಎಂಬ ದೂರಸವಾರಿ. ಇದರಲ್ಲಿ ಮೊದಲ, ಎರಡನೆಯ ಸ್ಥಾನಗಳಿಲ್ಲ. ಗೊತ್ತಾದ ಅವಧಿಯಲ್ಲಿ ಮುಗಿಸಿದರೆ ಸಾಕು. 200 ಕಿಲೋಮೀಟರಿಗೆ ಹದಿಮೂರೂವರೆ ಗಂಟೆ, 300ಕ್ಕೆ 20, 400ಕ್ಕೆ 27, 600ಕ್ಕೆ 40. ಇವೆಲ್ಲದರ ಹಿರಿಯಣ್ಣ ಪ್ಯಾರಿಸ್-ಬ್ರೆಸ್ಟ್-ಪ್ಯಾರಿಸ್. 1891ರಲ್ಲಿ ವೃತ್ತಿ ಓಟಗಾರರ ಪಂದ್ಯವಾಗಿ ಹುಟ್ಟಿದ ಇದು ಈಗ ನಾಲ್ಕು ವರ್ಷಕ್ಕೊಮ್ಮೆ ನಡೆಯುವ ಸುಮಾರು 1,200 ಕಿಲೋಮೀಟರಿನ ಸವಾರಿ. ಗರಿಷ್ಠ ಅವಧಿ 90 ಗಂಟೆ. ಟ್ಯಾಂಡಮ್ ಏರಿ ಬರುವ ಜೋಡಿಗಳಿಗೂ ಅಲ್ಲಿ ಜಾಗವುಂಟು. ಬೇರೆ ಬೇರೆ ಸೈಕಲ್ಲಿನಲ್ಲಿ ಬಂದರೆ ಗಂಡನಿಗೊಂದು, ಹೆಂಡತಿಗೊಂದು ಪ್ರತ್ಯೇಕ ಕಾರ್ಡು. ನಡುದಾರಿಯ ಠಾಣೆಗಳಲ್ಲಿ ಇಬ್ಬರೂ ಮುದ್ರೆ ಒತ್ತಿಸಿಕೊಳ್ಳಬೇಕು. ಒಬ್ಬರು ಕಾದರೆ ಕಾದವರ ಗಡಿಯಾರವೂ ಓಡುತ್ತದೆ. ಆದ್ದರಿಂದ ಅನುಭವಿ ಜೋಡಿಗಳು ಹೊರಡುವ ಮುನ್ನವೇ ಮಾತಾಡಿಕೊಳ್ಳುತ್ತಾರೆ: ಒಬ್ಬರಿಗೆ ಆಗದಿದ್ದರೆ ಇನ್ನೊಬ್ಬರು ನಿಲ್ಲುವುದೋ, ಮುಂದುವರಿಯುವುದೋ.

ಅಷ್ಟು ದೂರದ ಹಂಬಲವಿಲ್ಲದವರಿಗೆ ವಿಜಯಪುರದಿಂದ ಬಸವನ ಬಾಗೇವಾಡಿ, ಮುದ್ದೇಬಿಹಾಳಗಳ ಮೂಲಕ ತಂಗಡಗಿ, ಅಲ್ಲಿಂದ ಕೂಡಲಸಂಗಮ ಎರಡು ದಿನಕ್ಕೆ ತಕ್ಕ ದಾರಿ. ಬಸವಣ್ಣನವರು ಹುಟ್ಟಿದ ಊರು, ನೀಲಾಂಬಿಕೆಯ ಐಕ್ಯಸ್ಥಳ, ಸಂಗಮ ಮೂರೂ ಒಂದೇ ಪಯಣದಲ್ಲಿ ಸಿಗುತ್ತವೆ. ಚಳಿಗಾಲವೇ ಒಳ್ಳೆಯದು, ಆದರೆ ಅದು ಕಬ್ಬಿನ ಹಂಗಾಮೂ ಹೌದು, ಹೇರು ಮೀರಿದ ಟ್ರ್ಯಾಕ್ಟರುಗಳು ಕತ್ತಲಲ್ಲಿ ಹಿಂದಿನ ದೀಪವಿಲ್ಲದೆ ಬರುತ್ತವೆ, ಸಂಜೆಯೊಳಗೆ ಊರು ಸೇರಬೇಕು. ತಲಾ ಎರಡು ಟ್ಯೂಬು, ಪಂಪು, ಪಂಕ್ಚರ್ ಸಾಮಾನು ಇರಲಿ. ಇಂಡಿಯ ಲಿಂಬೆಹಣ್ಣು ನಾಲ್ಕು, ಉಪ್ಪು ಒಂದು ಚೀಟಿ. ಪಡುವಣ ಗಾಳಿ ಎದುರಾದರೆ ಐದೈದು ಕಿಲೋಮೀಟರಿಗೆ ಮುಂದಿನ ಜಾಗ ಬದಲಾಯಿಸಿಕೊಳ್ಳುವುದು ರೂಢಿ.