ಎದೆಗೂಡಿನೊಳಗಿನ ಪಾಠಶಾಲೆ

ನಿಮ್ಮ ಎದೆಯ ನಡುವಿನ ಎಲುಬನ್ನು ಬೆರಳಿನಿಂದ ಮುಟ್ಟಿ ನೋಡಿಕೊಳ್ಳಿ. ಅದರ ಹಿಂಬದಿಯಲ್ಲಿ, ಹೃದಯಕ್ಕೆ ತುಸು ಮೇಲೆ, ಥೈಮಸ್ ಎಂಬ ಗ್ರಂಥಿಯಿದೆ. ಬಹುಕಾಲ ಇದನ್ನು ಕೆಲಸಕ್ಕೆ ಬಾರದ ಅಂಗವೆಂದೇ ಭಾವಿಸಲಾಗಿತ್ತು. 1961ರಲ್ಲಿ ಲಂಡನ್ನಿನಲ್ಲಿ ಜಾಕ್ ಮಿಲ್ಲರ್ ಎಂಬ ವಿಜ್ಞಾನಿ, ಹುಟ್ಟಿದ ಕೂಡಲೇ ಥೈಮಸ್ ಕಳೆದುಕೊಂಡ ಇಲಿಮರಿಗಳು ಸೋಂಕನ್ನು ಎದುರಿಸಲಾರವೆಂದು ತೋರಿಸಿದರು. ಆಗ ಅದರ ಬೆಲೆ ತಿಳಿಯಿತು.

ಥೈಮಸ್ ಒಂದು ಪಾಠಶಾಲೆಯಿದ್ದಂತೆ. ಮೂಳೆಯ ಮಜ್ಜೆಯಲ್ಲಿ ಹುಟ್ಟಿದ ಎಳೆಯ ಜೀವಕೋಶಗಳು ಇಲ್ಲಿಗೆ ಬಂದು, ರೋಗದೊಡನೆ ಹೋರಾಡುವ ಟಿ-ಕೋಶಗಳಾಗಿ ಬೆಳೆಯುತ್ತವೆ. ಪರೀಕ್ಷೆ ಬಲು ಕಟ್ಟುನಿಟ್ಟು. ಶತ್ರುವನ್ನು ಗುರುತಿಸಲಾಗದವು, ಸ್ವಂತ ದೇಹದ ಮೇಲೆಯೇ ತಿರುಗಿಬೀಳುವಂಥವು ಅಲ್ಲಿಯೇ ನಾಶವಾಗುತ್ತವೆ. ತೇರ್ಗಡೆಯಾಗುವವು ಕೆಲವೇ.

ಆದರೆ ಈ ಶಾಲೆ ಬೇಗನೆ ಬಾಗಿಲು ಮುಚ್ಚತೊಡಗುತ್ತದೆ. ಹರೆಯ ದಾಟಿದ ಮೇಲೆ ಥೈಮಸ್ ಕುಗ್ಗುತ್ತಾ, ಅದರ ಜಾಗವನ್ನು ಕೊಬ್ಬು ತುಂಬುತ್ತಾ ಹೋಗುತ್ತದೆ. ಹಳೆಯ ಟಿ-ಕೋಶಗಳು ಉಳಿದಿರುವುದರಿಂದ ನಾವು ಕೂಡಲೇ ಹಾಸಿಗೆ ಹಿಡಿಯುವುದಿಲ್ಲ. ಆದರೆ ಹಿಂದೆಂದೂ ಕಾಣದ ರೋಗಾಣು ಬಂದಾಗ ಹೊಸ ಯೋಧರ ಕೊರತೆ ಎದ್ದು ಕಾಣುತ್ತದೆ. ನಿಮ್ಮ ಅಜ್ಜ ಅಜ್ಜಿಯರಿಗೆ ಹೊಸ ಸೋಂಕುಗಳು ಹೆಚ್ಚು ಅಪಾಯಕಾರಿಯಾಗಲು ಇದೂ ಒಂದು ಕಾರಣ.

ಈ ಕುಗ್ಗುವಿಕೆಯನ್ನು ಹತೋಟಿಯಲ್ಲಿಡುವವರು ಯಾರು? ಇಲ್ಲಿ ಮೈಕ್ರೋ ಆರ್‌ಎನ್‌ಎಗಳ ಪ್ರವೇಶವಾಗುತ್ತದೆ. ಜೀನಿನ ಆದೇಶವನ್ನು ಹೊತ್ತು ತರುವುದು ಸಂದೇಶವಾಹಕ ಆರ್‌ಎನ್‌ಎ. ಆ ಆದೇಶದಂತೆ ಪ್ರೋಟೀನ್ ತಯಾರಾಗುತ್ತದೆ. ಸುಮಾರು 22 ಅಕ್ಷರಗಳಷ್ಟೇ ಉದ್ದದ ಮೈಕ್ರೋ ಆರ್‌ಎನ್‌ಎ ಆ ಸಂದೇಶಕ್ಕೆ ಅಂಟಿಕೊಂಡು ಪ್ರೋಟೀನಿನ ತಯಾರಿಕೆಯನ್ನು ತಗ್ಗಿಸುತ್ತದೆ. ಟಿವಿಯ ಧ್ವನಿ ತಗ್ಗಿಸುವ ಗುಂಡಿಯನ್ನು ನೆನಪಿಸಿಕೊಳ್ಳಿ. 1993ರಲ್ಲಿ ಒಂದು ಮಿಲಿಮೀಟರ್ ಉದ್ದದ ಹುಳುವಿನಲ್ಲಿ ಇದನ್ನು ಬೆಳಕಿಗೆ ತಂದ ವಿಕ್ಟರ್ ಆಂಬ್ರೋಸ್ ಮತ್ತು ಗ್ಯಾರಿ ರವ್ಕುನ್ ಅವರಿಗೆ 2024ರ ನೊಬೆಲ್ ಪ್ರಶಸ್ತಿ ಸಂದಿತು.

ಸೋಂಕು ತಗುಲಿದಾಗ ದೇಹ ಇಂಟರ್‌ಫೆರಾನ್ ಎಂಬ ಎಚ್ಚರಿಕೆಯ ಗಂಟೆ ಬಾರಿಸುತ್ತದೆ. ಅದನ್ನು ಕೇಳಿ ಥೈಮಸ್ ತಾತ್ಕಾಲಿಕವಾಗಿ ಕುಗ್ಗುತ್ತದೆ. ಇಲಿಗಳಲ್ಲಿ ನಡೆದು 2012ರಲ್ಲಿ ಪ್ರಕಟವಾದ ಸಂಶೋಧನೆಯೊಂದು, 29ಎ ಎಂಬ ಮೈಕ್ರೋ ಆರ್‌ಎನ್‌ಎ ಥೈಮಸ್ಸಿನ 'ಕಿವಿ'ಯನ್ನು ತುಸು ಮಂದವಾಗಿಡುತ್ತದೆ ಎಂದು ತೋರಿಸಿತು. ಅದನ್ನು ತೆಗೆದುಹಾಕಿದಾಗ ಸಣ್ಣ ಸದ್ದಿಗೂ ಥೈಮಸ್ ಬೆದರಿ ಬೇಗನೆ ಕುಗ್ಗಿತು. ಅಂದರೆ ಥೈಮಸ್ಸಿನ ಕ್ಷಯ ಬರಿಯ ಸವೆತವಲ್ಲ. ಅದರ ಹಿಂದೆ ಹತೋಟಿಯ ಗುಂಡಿಗಳಿವೆ.

ಹಾಗಾದರೆ ಗುಂಡಿ ತಿರುಗಿಸಿ ಮುಪ್ಪನ್ನು ತಡೆಯಬಹುದೆ? ಅವಸರ ಬೇಡ. ಒಂದೇ ಮೈಕ್ರೋ ಆರ್‌ಎನ್‌ಎ ಹಲವು ಅಂಗಗಳಲ್ಲಿ, ಹಲವು ಜೀನುಗಳ ಮೇಲೆ ಕೆಲಸ ಮಾಡುತ್ತದೆ. ಒಂದೆಡೆಯ ಲಾಭ ಇನ್ನೊಂದೆಡೆ ನಷ್ಟವಾದೀತು. ಆದರೂ ಈ ಹುಡುಕಾಟ ವ್ಯರ್ಥವಲ್ಲ. ಅಮೆರಿಕದಲ್ಲಿ 2023ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಥೈಮಸ್ ತೆಗೆಸಿಕೊಂಡ ವಯಸ್ಕರಲ್ಲಿ 5 ವರ್ಷದೊಳಗೆ ಶೇಕಡಾ 8.1ರಷ್ಟು ಮಂದಿ ಸಾವಿಗೀಡಾಗಿದ್ದರು. ಬೇರೆ ಎದೆಯ ಶಸ್ತ್ರಚಿಕಿತ್ಸೆಯಾಗಿಯೂ ಥೈಮಸ್ ಉಳಿಸಿಕೊಂಡವರಲ್ಲಿ ಈ ಪ್ರಮಾಣ ಶೇಕಡಾ 2.8 ಮಾತ್ರ. ಕುಗ್ಗಿದ ಶಾಲೆಯಲ್ಲೂ ಪಾಠ ನಡೆಯುತ್ತಲೇ ಇರುತ್ತದೆ. ಅದನ್ನು ಇನ್ನಷ್ಟು ಕಾಲ ತೆರೆದಿಡುವ ಬಗೆ ಹೇಗೆಂದು ನೀವೂ ಯೋಚಿಸಿ.